ಕೇರಿದ ಮಾತು

ಗ್ರಿಮ್ಸ್‌ಬಿಯ ಕೇರ್ ಹೋಮಿನ ಮಹಡಿಯಲ್ಲಿ
ವಿಚಾರಣೆ, ಬೆಳಿಗ್ಗೆ ಹತ್ತೂವರೆಗೆ.
ಕಿಟಕಿಯಾಚೆ ಹಳೆಯ ಮೀನುಧಕ್ಕೆ, ಬೂದುಬಣ್ಣದ ನೀರು,
ಯಾರದೋ ಬಿಸ್ಕತ್ತಿಗೆ ಕಾದು ಕೂತ ಕಡಲಹಕ್ಕಿ.
ನಾನು ದುಭಾಷಿ. ಗಂಟೆಗೆ ಇಪ್ಪತ್ತಾರು ಪೌಂಡು,
ಲೆಸ್ಟರಿನಿಂದ ರೈಲಿನ ಖರ್ಚು ಬೇರೆ.

ಎದುರಿಗೆ ನೀಲವ್ವ ಹೊಸಮನಿ, ರೋಣದ ಕಡೆಯವಳು.
ಗಾಲಿಕುರ್ಚಿಗೆ ಎರಡು ಬ್ರೇಕು; ಹಾಕಿದ್ದು ಒಂದು.
ಇಳಿಜಾರು.
ಸ್ಟ್ಯಾನ್ಲಿ ಅಜ್ಜನ ಮಣಿಕಟ್ಟು ಮುರಿದಿದೆ.

ಮಿಸೆಸ್ ಹಾರ್‌ಗ್ರೀವ್ ಕನ್ನಡಕ ಸರಿಮಾಡಿ ಓದಿದರು:
ಕೇರ್‌ಲೆಸ್‌ನೆಸ್.
ನಾನು ಥಟ್ಟನೆ ಅಂದೆ: ನಿರ್ಲಕ್ಷ್ಯ.

ಅಂದದ್ದೇ ತಡ
ಅವಳ ಮುಖಕ್ಕೆ ಅಗುಳಿ ಬಿತ್ತು.

ಪೇಪರಿನ ಪದ ಅದು. ವೈದ್ಯರ ನಿರ್ಲಕ್ಷ್ಯ, ಬಾಣಂತಿ ಸಾವು
ಎಂದು ಮೂರು ಕಾಲಮ್ಮಿನ ಮೇಲೆ ಕೂತೂ ಕೂತೂ
ರಕ್ತ ಅಂಟಿಸಿಕೊಂಡದ್ದು.
ನಾಲಿಗೆಗೆ ಹತ್ತಿರವಿತ್ತು, ಎತ್ತಿ ಕೊಟ್ಟೆ,
ತೊಳೆಯದ ಲೋಟದಲ್ಲಿ ನೀರು ಕೊಟ್ಟ ಹಾಗೆ.

ಒಂದು ನಿಮಿಷ, ಕ್ಷಮಿಸಿ, ಎಂದೆ ಇಂಗ್ಲಿಷಿನಲ್ಲಿ.
ಒಳಗೊಳಗೇ ಮೊರ ಹಿಡಿದು ಕೂತೆ.
ನಮ್ಮಲ್ಲೂ ಕೇರುವುದಿದೆಯಲ್ಲ,
ಜೊಳ್ಳು ಹಾರಿ ಕಾಳು ಉಳಿಯುವ ತನಕ.
ಉಡಾಫೆ? ಅದಕ್ಕೆ ಎದೆ ಸೆಟೆದಿರಬೇಕು, ತುಟಿಯಲ್ಲಿ ಸಿಳ್ಳೆ.
ಅಸಡ್ಡೆ, ಅದು ಸೊಸೆಯ ಸಾರಿಗೆ ಅತ್ತೆ ತೋರುವಂಥದ್ದು.
ಬೇಜವಾಬ್ದಾರಿಗೆ ತಿಂಗಳುಗಟ್ಟಲೆ ಬೇಕು; ಇದು ಮೂರು ಸೆಕೆಂಡು.
ಅಜಾಗರೂಕತೆಗೆ ಎಫ್‌ಐಆರಿನಲ್ಲಿ ಅತಿವೇಗವೇ ಖಾಯಂ ಜೊತೆ,
ಇವಳೋ ನಿಂತೇ ಇದ್ದಳು.
ನಮ್ಮ ಗಣಿತದ ಮೇಡಂ ಕೆಂಪು ಶಾಯಿಯಲ್ಲಿ
ಕೇರ್‌ಲೆಸ್ ಎಂದು ಬರೆದು
ಅರ್ಧ ಅಂಕ ಮಾತ್ರ ಕಳೆಯುತ್ತಿದ್ದರು.

ಕಾಳಜಿಯಿಲ್ಲದೆ, ಎನ್ನೋಣವೆಂದರೆ
ಅವಳು ಬಗ್ಗಿದ್ದೇ ಅಜ್ಜನ ಕೈಯಿಂದ ಜಾರಿದ
ಉಣ್ಣೆಯ ಗವಸು ಎತ್ತಲು.
ಲಕ್ಷ್ಯವೆಲ್ಲ ಅಲ್ಲೇ ಇತ್ತು.

ಮೊರ ಬರಿದು.
ಸೋತು ಅವಳನ್ನೇ ಕೇಳಿದೆ
(ದುಭಾಷಿ ಕೇಳಬಾರದು, ನಿಯಮವಿದೆ):
ಇದಕ್ಕೆ ನೀವು ಏನಂತೀರಿ?

"ಕೈ ಮರೀತ್ರಿ," ಅಂದಳು
ಬಲಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟು,
"ನಾ ಮರ್ತಿದ್ದಿಲ್ರಿ."

ಇದ್ದಂತೆಯೇ ದಾಟಿಸಿದೆ.
ಮಿಸೆಸ್ ಹಾರ್‌ಗ್ರೀವ್ ಪೆನ್ನೆತ್ತಿದರು, ಇಳಿಸಿದರು,
ಆ ಕೈಯನ್ನು ನೋಡಿದರು, ಗೆರೆ ಓದುವವರ ಹಾಗೆ.
ಆಮೇಲೆ ಏನೋ ಬರೆದರು.
ಅಕ್ಷರಗಳು ನನಗೆ ತಲೆಕೆಳಗಾಗಿದ್ದವು.

ನಡಾವಳಿಯಲ್ಲಿ ನನ್ನ ಮೊದಲ ಪದ ಇರುವುದಿಲ್ಲ.
ಅಲ್ಲಿ ಕನ್ನಡ ದಾಖಲಾಗುವುದಿಲ್ಲ.
ಕೇಳಿಸಿಕೊಂಡವಳು ಅವಳೊಬ್ಬಳೇ.
ಮೆಟ್ಟಿಲಿಳಿಯುವಾಗ ಹಿಂದಿನಿಂದ ಬಂದು
ನನ್ನ ಕೋಟನ್ನು ಎರಡು ಬೆರಳಲ್ಲಿ ಹಿಡಿದಳು:
"ಗುಂಡಿ ಸಡ್ಲ ಆಗೇತ್ರಿ ಅಕ್ಕಾರ,
ಬಿದ್ದೀತು ನೋಡ್ರಿ."