ಒದ್ದೆ ಬುರುಡೆ

ಮೌಂಟ್ ಐಸಾ. ಮೇಲೆ ಬೆಳಗಿನ ಎಂಟು ಗಂಟೆ,
ಇಲ್ಲಿ ಸಾವಿರದೆಂಟುನೂರು ಮೀಟರ್.
ಗಿರಗಟ್ಟಲೆಯಂತೆ ತಿರುಗಿಸುತ್ತೇನೆ
ಹಿಡಿಯಿರುವ ಜೋಡಿ ಥರ್ಮಾಮೀಟರ್:
ಒಂದು ಬುರುಡೆ ಬರಿಮೈ,
ಇನ್ನೊಂದಕ್ಕೆ ಒದ್ದೆ ಬಟ್ಟೆ,
ಜ್ವರದ ಮಗುವಿನ ಹಣೆಗೆ ಹಾಕಿದಂತೆ.

ಒಣಗಿದ್ದು ಹೇಳುವುದು ಝಳ.
ಒದ್ದೆಯದು ಹೇಳುವುದು ಸೆಕೆ.
ಕಂಪನಿಯ ಫಾರ್ಮಿನಲ್ಲಿ ಎರಡಕ್ಕೂ ಒಂದೇ ಪದ,
ನನ್ನ ಮೈಗೆ ಎರಡು.
ಝಳಕ್ಕೆ ನೀರು ಕುಡಿದರೆ ಆಯಿತು.
ಸೆಕೆ ಕೊಲ್ಲುತ್ತದೆ.

ಬಂಡೆ ಕಾದಿರುವುದು ಸರಿ, ಅದರ ತಪ್ಪಲ್ಲ.
ಗಾಳಿಯೂ ಇಳಿಯುತ್ತ ಇಳಿಯುತ್ತ
ತನ್ನ ಭಾರಕ್ಕೆ ತಾನೇ ಕಾಯುತ್ತದೆ ಎಂದರೆ
ಯಾರೂ ನಂಬುವುದಿಲ್ಲ.
ಮೇಲೆ ಮನೆಯಷ್ಟು ದೊಡ್ಡ ಯಂತ್ರಗಳು
ರಾತ್ರಿಯಿಡೀ ತಣಿಸಿ ಕಳಿಸಿದ್ದು
ಇಲ್ಲಿಗೆ ಬರುವಷ್ಟರಲ್ಲಿ
ಹತ್ತು ಕೈ ದಾಟಿದ ಮಜ್ಜಿಗೆ ಲೋಟ,
ತಳದಲ್ಲೊಂದು ಗುಟುಕು.

ಮೂವತ್ತಮೂರು, ಎಂದೆ.
ಡ್ರಿಲ್ ನಿಲ್ಲಿಸಿ ಇಣುಕಿದ ಡೆಕ್ಲನ್ ಹ್ಯಾನಫಿ,
ಹೊಸ ಹುಡುಗ, ಬೋನಸ್ಸಿಗೆ ಇನ್ನು ಆರು ಮೀಟರ್ ಬಾಕಿ.
“ಬಟ್ಟೆ ಒಣಗಿದೆ ನೋಡಿ. ಮೂವತ್ತೊಂದು ಅಂತ ಬರೆಯಿರಿ.”
ಒದ್ದೆ ಮಾಡಿದೆ. ಮತ್ತೆ ತಿರುಗಿಸಿದೆ.
ಅವನ ಕುತ್ತಿಗೆಯ ಮೇಲೆ
ಬೆವರು ಯಾವಾಗಲೋ ನಿಂತುಹೋಗಿತ್ತು.
ನಮ್ಮಲ್ಲಿ ಸುಳ್ಳು ಹೇಳುವುದಕ್ಕೆ
ಬುರುಡೆ ಬಿಡುವುದು ಎನ್ನುತ್ತಾರೆ ಅಂತ
ಇವನಿಗೆ ಹೇಗೆ ತಿಳಿಸಲಿ?
ಈ ಬುರುಡೆ ಬಿಡುವುದಿಲ್ಲ, ಮಗೂ.
ಮೂವತ್ತಮೂರೂ ಕಾಲು.

ಎಲ್ಲರೂ ತಂಪುಕೋಣೆಗೆ. ಅವನ ಕತ್ತಿಗೆ ಮಂಜುಗಡ್ಡೆ.
ಬೈಗುಳವೆಲ್ಲ ನನಗೆ.

ಮುದುಕ ರೈಯೊ ಲೆಹ್ಟೊನೆನ್ ಮತ್ತು ನಾನು
ಗಾಳಿಚೀಲದ ಗುಂಟ ನಡೆದೆವು,
ಕುದುರೆಯ ಪಕ್ಕೆ ತಡವಿದಂತೆ ಕೈಯಾಡಿಸುತ್ತ.
ಅವನಜ್ಜ ಫಿನ್ಲೆಂಡಿನಿಂದ ಬಂದು
ಈ ಊರಿನ ಬಿಸಿಲು ಸಾಲದೆಂದು
ಹಿತ್ತಲಲ್ಲಿ ಸೌನಾ ಕಟ್ಟಿದವನಂತೆ.
“ಸೆಕೆಗೆ ಬಾಗಿಲಿರಬೇಕು,” ಅಂದ ರೈಯೊ,
“ಬೇಕೆಂದಾಗ ಹೊರಗೆ ಬರಲಿಕ್ಕೆ.”

ಲೋಡರ್ ಉಜ್ಜಿಹೋದಲ್ಲಿ ಒಂದು ಮೊಳ ಹರಕು.
ಕೆಲಸ ಮುಗಿಸಿ ಬಿಟ್ಟ ಸುರಂಗದ ಕತ್ತಲಿಗೆ
ಸುಯ್ಯೆಂದು ಸುರಿದುಹೋಗುತ್ತಿತ್ತು
ಮಾಗಿಯ ಬೆಳಗಿನಂಥ ಗಾಳಿ,
ಯಾರಿಗೂ ಅಲ್ಲದೆ.
ಒಂದು ಗಳಿಗೆ ಇಬ್ಬರೂ ಸುಮ್ಮನೆ
ಮುಖವೊಡ್ಡಿ ನಿಂತೆವು, ಕಳ್ಳರ ಹಾಗೆ.
ಆಮೇಲೆ ತಂತಿ, ತೇಪೆ, ಫಿನ್ನಿಶ್ ಬೈಗುಳ.
ಚೀಲ ಮೆಲ್ಲಗೆ ಉಬ್ಬಿತು.

ಪಾಳಿ ಮುಗಿದು ಮೇಲೆ ಬಂದರೆ
ನಲವತ್ತೆರಡು ಡಿಗ್ರಿ. ನದಿಯಲ್ಲಿ ಬರೀ ಮರಳು.
ಅಭ್ಯಾಸಬಲ, ಕಾರ್ ಪಾರ್ಕಿನಲ್ಲೇ ತಿರುಗಿಸಿದೆ:
ಒದ್ದೆ ಬುರುಡೆ ಹತ್ತೊಂಬತ್ತು.
“ಬರೀ ಝಳ,” ಅಂದೆ ಜೋರಾಗಿ.
ಕಾರಿನ ಬಾಗಿಲು ಮುಟ್ಟಿದ ಕೈ ಚುರ್ರೆಂದಿತು.