ನಾಲ್ಕನೆಯ ರಾಟೆ

ಮೊದಲು ಅದು ನಲವತ್ತು ದಾಟಿದ ಮೇಲೆ ಮಾತ್ರ ಬರುತ್ತಿತ್ತು,
ಮುಚ್ಚಿದ ಕೋಣೆಯಲ್ಲಿ ಒಂದೇ ಒಂದು ಸೊಳ್ಳೆ ಇದ್ದ ಹಾಗೆ.
ರೇಡಿಯೊ ಜೋರು ಮಾಡಿದೆ.
ಜಾಣ ಕಿವುಡಿಗೆ ಪೆಟ್ರೋಲ್ ಬೇಕಿಲ್ಲ,
ಎರಡು ತಿಂಗಳು ಓಡಿತು.

ಆಮೇಲೆ ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಸಾಕು,
ಕುಂಯ್ ಎಂದು ಏರಿ,
ಕಾಲು ತೆಗೆದರೆ ಇಳಿದು,
ಹೇಳಬೇಕಾದ್ದನ್ನು ಅರ್ಧಕ್ಕೇ ನುಂಗಿಕೊಂಡವರಂತೆ
ಸುಮ್ಮನಾಗುತ್ತಿತ್ತು
ಹದಿನೇಳು ವರ್ಷದ ನನ್ನ ಹೋಲ್ಡನ್.

ವೈಯಾಲಾದಲ್ಲಿ ಎಲ್ಲರೂ ಒಂದು ಕಾಲಕ್ಕೆ ಉಕ್ಕಿನ ಕಾರ್ಖಾನೆಯವರೇ,
ಎಲ್ಲರ ಬಳಿಯೂ ಒಂದೊಂದು ತೀರ್ಪು.
ಪೆಟ್ರೋಲ್ ಬಂಕಿನ ಹುಡುಗ ಟೈರು ಅಂದ.
ಔಷಧಿ ಅಂಗಡಿಯಾಕೆ ಗೇರ್‌ಬಾಕ್ಸು, ಮಾರಿಬಿಡು ಅಂದಳು.
ನನ್ನ ಜೊತೆಯ ನರ್ಸ್ ಲೊರೇನ್ ಬೆಲ್ಟು ಅಂದಳು;
ಬೆಲ್ಟು ಬದಲಿಸಿದೆ.
ಎತ್ತಿಗೆ ಜ್ವರ, ಎಮ್ಮೆಗೆ ಬರೆ,
ನೂರ ಹತ್ತು ಡಾಲರಿನ ಬರೆ.
ಹೊಸ ಬೆಲ್ಟಿನ ಮೇಲೆ ಅದೇ ಹಳೆಯ ಕುಂಯ್.

ಟ್ರೆವೊರೊ ಅಜ್ಜನ ಕಾಲಿನ ಹುಣ್ಣಿಗೆ
ವಾರಕ್ಕೆ ಮೂರು ಸಲ ಪಟ್ಟಿ ಕಟ್ಟುವವಳು ನಾನು.
ಕಣ್ಣು ಹೋಗಿ ಒಂಬತ್ತು ವರ್ಷ,
ಅದಕ್ಕೂ ಮುಂಚೆ ಮೂವತ್ನಾಲ್ಕು ವರ್ಷ ರೋಲಿಂಗ್ ಮಿಲ್ಲಿನ ಫಿಟ್ಟರ್.
ಬಾಗಿಲು ತಟ್ಟುವ ಮುಂಚೆಯೇ ಒಳಗಿಂದ:
"ನಿಂತಾಗಲೂ ಕೂಗುತ್ತದೋ, ಓಡುವಾಗ ಮಾತ್ರವೋ?"
ಯಾರು, ಅಂದೆ.
"ನೀನಲ್ಲ. ನಿನ್ನ ಗಾಡಿ."

ನಾನು ಪಟ್ಟಿ ಸುತ್ತುತ್ತಿದ್ದಂತೆ ಹೇಳಿದ:
ನ್ಯೂಟ್ರಲ್ಲಿಗೆ ಹಾಕಿ ನಿಂತಲ್ಲೇ ಒತ್ತು.
ಕೂಗಿದರೆ ರೋಗ ಎಂಜಿನ್ ಕಡೆ, ಇಲ್ಲದಿದ್ದರೆ ಚಕ್ರಗಳ ಕಡೆ.
ಸ್ಟಿಯರಿಂಗ್ ಕೊನೆಯವರೆಗೆ ತಿರುಗಿಸು, ದನಿ ಹೆಚ್ಚಿದರೆ ಅದರ ಪಂಪು.
ಹೆಡ್‌ಲೈಟು, ಫ್ಯಾನು ಎಲ್ಲ ಒಟ್ಟಿಗೆ ಹಚ್ಚು,
ಆಗ ಹೆಚ್ಚಿದರೆ ಆಲ್ಟರ್ನೇಟರು.
ಯಾವುದಕ್ಕೂ ಜಗ್ಗದಿದ್ದರೆ
ಪಟ್ಟಿ ಬಿಗಿಯಾಯಿತು, ಸಡಿಲಿಸು.

ಅವನ ಮನೆ ಮುಂದೆಯೇ, ಕೆಂಪು ಧೂಳಿನಲ್ಲಿ, ಒತ್ತಿದೆ: ಕೂಗಿತು.
ತಿರುಗಿಸಿದೆ, ದೀಪ ಹಚ್ಚಿದೆ:
ಅದೇ ದನಿ, ಹೆಚ್ಚಿಲ್ಲ ಕಡಿಮೆಯಿಲ್ಲ.
ಎದುರುಮನೆಯ ನಾಯಿ ಮಾತ್ರ ಎರಡು ಪಟ್ಟು ಜೋರಾಯಿತು.

ಮಾರಿತ್ಸಾಳ ಗ್ಯಾರೇಜು. ಹಡಗು ಕಟ್ಟಲೆಂದು ಬಂದ ಅಪ್ಪ ಬಿಟ್ಟುಹೋದದ್ದು.
ಬೆಲ್ಟು ಕಳಚಿ ಅರ್ಧ ನಿಮಿಷ ಎಂಜಿನ್ ಓಡಿಸಿದಳು.
ಕುಂಯ್ ಇಲ್ಲ.
ಎರಡು ತಿಂಗಳಲ್ಲಿ ಮೊದಲ ಸಲ
ಎಂಜಿನ್ನಿನ ಸ್ವಂತ ದನಿ ಕೇಳಿದೆ.
ಅದು ಅಂಥ ಕೆಟ್ಟ ದನಿಯೇನೂ ಅಲ್ಲ.

ಬೆಲ್ಟು ಮತ್ತೆ ತೊಡಿಸಿ,
ಉದ್ದನೆಯ ಸ್ಕ್ರೂಡ್ರೈವರಿನ ಮೂತಿ ಒಂದೊಂದೇ ರಾಟೆಯ ಬೋಲ್ಟಿಗೆ,
ಹಿಡಿ ಕಿವಿಯ ಹಿಂದಿನ ಮೂಳೆಗೆ.
ಕೇಳಿ, ನನ್ನ ಕೈಗೆ ಕೊಟ್ಟಳು.
"ನೀನು ದಿನಾ ಮಾಡುವ ಕೆಲಸವೇ. ಜಡೆ ಎತ್ತಿ ಕಟ್ಟಿಕೋ."
ಒಂದು, ಎರಡು, ಮೂರು, ನಿದ್ದೆಯಲ್ಲಿ ಗೊಣಗುವವರು.
ನಾಲ್ಕನೆಯದಕ್ಕೆ ಒತ್ತಿದೆ:
ಬೀಸುಕಲ್ಲಿಗೆ ರಾಗಿಯ ಜೊತೆ ಮರಳು ಬಿದ್ದ ಸದ್ದು
ದವಡೆಯವರೆಗೂ ಬಂತು.

ಪಂಪು ತಿರುಗಿಸದ, ಕರೆಂಟು ಹುಟ್ಟಿಸದ ರಾಟೆ.
ಬೆಲ್ಟು ಹಾದಿ ತಪ್ಪದಂತೆ ನಡುವೆ ನಿಲ್ಲುವುದಷ್ಟೇ ಅದರ ಕೆಲಸ.
ಒಳಗಿನ ಗ್ರೀಸು ಯಾವಾಗಲೋ ಒಣಗಿತ್ತು.
ಐವತ್ತೆಂಟು ಡಾಲರ್, ಕೂಲಿ ಬೇರೆ.
ಇಪ್ಪತ್ತು ನಿಮಿಷ,
ಅದರಲ್ಲಿ ಐದು ಕೆಳಗೆ ಬಿದ್ದ ಬೋಲ್ಟು ಹುಡುಕಿದ್ದು.

ಶುಕ್ರವಾರ ಬಾಗಿಲು ತಟ್ಟಿದೆ.
ಒಳಗೆ ಏನೋ ಉರುಳಿತು.
"ಯಾರದು?" ಹೆದರಿಸುವ ದನಿ, ಹೆದರಿದ ದನಿ ಎರಡೂ ಒಂದರಲ್ಲೇ.
ನಾನು, ಅಂದೆ.
"ಕೇಳಿಸಲೇ ಇಲ್ಲ."
ಅವನ ಚಹಾ ನೆಲದ ಮೇಲೆ ಹರಿಯುತ್ತಿತ್ತು.
ನನ್ನ ಕುಂಯ್ ಮೂರು ಬೀದಿ ಆಚೆ ಕೇಳಿದ ಕೂಡಲೆ
ಕೆಟಲ್ ಹಚ್ಚುತ್ತಿದ್ದನಂತೆ;
ನಾನು ಬಂದು ಕೂರುವ ಹೊತ್ತಿಗೆ ನೀರು ಕುದಿದಿರುತ್ತಿದ್ದುದು ಹೇಗೆಂದು
ಒಮ್ಮೆಯೂ ಯೋಚಿಸಿರಲಿಲ್ಲ.

ನೆಲ ಒರೆಸಿ, ಹಳೆಯ ರಾಟೆಯನ್ನು ಅವನ ಅಂಗೈಯಲ್ಲಿಟ್ಟೆ.
ಬೆರಳಿಂದ ಸುತ್ತಿಸಿ ಕಿವಿಯ ಬಳಿ ಹಿಡಿದ.
"ಇದಾ? ನಾನು ನೀರಿನ ಪಂಪು ಅಂದುಕೊಂಡಿದ್ದೆ."
ಮತ್ತೆ ಸುತ್ತಿಸಿದ. ಮತ್ತೆ.

ಗಾಡಿ ಹೊರಳಿಸುವಾಗ ಕಿಟಕಿಯಿಂದ ಕೂಗಿದ:
"ಹಿಂದಿನ ಎಡ ಚಕ್ರ. ಕೇಳಿಸುತ್ತಾ?"
ಇಲ್ಲ.
"ಕೇಳಿಸುತ್ತದೆ. ಜುಲೈ ಹೊತ್ತಿಗೆ."