ಮೂರೆಳೆ

ತಾಂಪೆರೆಯ ಹೊರವಲಯ, ಸ್ಪ್ರಿಂಗ್ ಸುತ್ತುವ ಶೆಡ್ಡು.
ಹೊರಗೆ ಮೈನಸ್ ಇಪ್ಪತ್ತಾರು.
ಸೈನ್ಯದಿಂದ ಬಂದ ರೈಫಲ್ಲು
ಬೆಂಚಿನ ಮೇಲೆ, ಹಳೇ ಟವಲ್ಲು ಹೊದ್ದು ಮಲಗಿದೆ.

ಗುಂಡಿನ ಸದ್ದಲ್ಲ ತಕರಾರು,
ಅದರ ಮೇಲೆ ಯಾರೂ ದೂರು ಬರೆಯುವುದಿಲ್ಲ.
ಬೋಲ್ಟು ಹಿಂದೆ ಸರಿದು ಮುಂದೆ ಬರುವಾಗ
ಬಂದೂಕಿನ ಬುಡದೊಳಗಿನ ಸ್ಪ್ರಿಂಗು
ಕೊಳವೆಯ ಗೋಡೆಗೆ ಮೈ ಉಜ್ಜಿ
ಟ್ವಂಯ್ ಅನ್ನುತ್ತದಲ್ಲ, ಅದು.
ಕೆನ್ನೆ ಒತ್ತಿ ಕೂತವನ ದವಡೆಯ ಎಲುಬಿಗೂ ಇಳಿಯುವುದು,
ಅದು.

ಕೈನೂ ಕಾಡಿನಿಂದ ಸಾರ್ಜೆಂಟ್ ವೆಸ್ತೆರಿನೆನ್ ಬರೆದಿದ್ದ:
ಹಿಮದ ರಾತ್ರಿ, ಗುಂಡಿಲ್ಲದೆ ಬರೀ ಬೋಲ್ಟ್ ಎಳೆದರೂ
ಆಚೆ ದಿಣ್ಣೆಯ ಮೊಲ ಕಿವಿ ನಿಮಿರಿಸುತ್ತದೆ.
ಮೊಲಕ್ಕೆ ಕೇಳಿದ್ದು ಮನುಷ್ಯನಿಗೆ ಕೇಳದೇ?

ಹಿಲ್ಕಾ ನುರ್ಮೆಲಾ, ಮೂವತ್ತೊಂದು ವರ್ಷ ತಂತಿ ಸುತ್ತಿದವಳು,
ಗ್ರೀಸು ಹಚ್ಚಿ ನೋಡಿದಳು. ಚಳಿಗೆ ಮೇಣವಾಯಿತು.
ಕೊನೆಯ ಸುತ್ತನ್ನು ಸಾಣೆ ಹಿಡಿದಳು. ನಾಲ್ಕಾಣೆ ಗುಣ.
ನಡುವೆ ರಬ್ಬರು ತುರುಕಿದೆವು, ಅದು
ಮುನ್ನೂರನೇ ಗುಂಡಿಗೆ ಪುಡಿಪುಡಿ.
ಯಂತ್ರ ಪರದೆಯ ಮೇಲೆ ಅಂಕಿ ಒದರುತ್ತಿತ್ತು.
ಅವಳು ಸ್ಕ್ರೂಡ್ರೈವರಿನ ತುದಿ ಕೊಳವೆಗೆ, ಹಿಡಿ ಕಿವಿಗೆ ಇಟ್ಟು
ಕಣ್ಣು ಮುಚ್ಚಿ ಕೇಳುತ್ತಿದ್ದಳು,
ಹೊಟ್ಟೆಯೊಳಗಿನ ಕೂಸನ್ನು ಕೇಳುವ ಸೂಲಗಿತ್ತಿಯಂತೆ.

ಶನಿವಾರ ಅಡಿಗೆಮನೆಯಲ್ಲಿ
ಏಲಕ್ಕಿ ಬ್ರೆಡ್ಡಿಗೆಂದು ಹಿಟ್ಟನ್ನು ಜಡೆ ಹೆಣೆಯುತ್ತಿದ್ದಾಗ
ಕೈ ನಿಂತಿತಂತೆ.
ಬ್ರೆಡ್ಡು ಅವತ್ತು ಸೀದುಹೋಯಿತು.

ಸೋಮವಾರ ಒಂದು ದಪ್ಪ ತಂತಿಯ ಜಾಗಕ್ಕೆ
ಮೂರು ಸಣ್ಣವು, ಹುರಿಗೊಳಿಸಿ ಸುತ್ತಿದ್ದು.
ಒಂದು ನಡುಗಲು ಹೊರಟರೆ ಪಕ್ಕದೆರಡು
ಸೊಂಟ ಹಿಡಿದು ಕೂರಿಸುತ್ತವೆ,
ಒಳಗೊಳಗೇ ತಿಕ್ಕಾಡಿ
ಸದ್ದನ್ನು ಬೆಚ್ಚಗೆ ಮಾಡಿ ನುಂಗುತ್ತವೆ.
ಎಳೆದು ಬಿಟ್ಟೆವು.
ಠಪ್.
ಯಾರೋ ಪುಸ್ತಕ ಮುಚ್ಚಿದ ಹಾಗೆ, ಅಷ್ಟೇ.

ನಾನು, ಕೆಲಸ ಕಲಿಯಲು ಬಂದ ಹುಡುಗ, ಚಪ್ಪಾಳೆ ತಟ್ಟಿದೆ.
ಹಿಲ್ಕಾ ನಗಲಿಲ್ಲ.
"ಇನ್ನು ಮೊಲಕ್ಕೆ ಗೊತ್ತಾಗುವುದಿಲ್ಲ" ಎಂದಳು,
ಕೈ ಒರೆಸಿಕೊಂಡಳು.

ಹಳೆಯ ಸ್ಪ್ರಿಂಗನ್ನು ಊಟದ ಡಬ್ಬಿಗೆ ಹಾಕಿಕೊಂಡು ಹೊರಟಳು.
ಸಂಜೆ ಹನ್ನೆರಡನೇ ನಂಬರ್ ಬಸ್ಸು. ಎಂದಿನಂತೆ
ಯಾರೂ ಯಾರೊಡನೆಯೂ ಮಾತಿಲ್ಲ.
ರೈಲುಗೇಟಿನ ಬಳಿ ಚಾಲಕ ಬ್ರೇಕ್ ಒತ್ತಿದ,
ಡಬ್ಬಿಯೊಳಗಿಂದ
ಟ್ವಂಯ್.
ಇಡೀ ಬಸ್ಸು ತಿರುಗಿ ನೋಡಿತು.
ಒಂದು ಮಗು ಇನ್ನೊಮ್ಮೆ ಎಂದಿತು.
ಹಿಲ್ಕಾ ಡಬ್ಬಿ ಅಲುಗಿಸಿದಳು.